ಆಕಾಶವಾಣಿಯ ಹಳೆಯ ದನಿಗಳನ್ನು ಕೇಳಲು ಬಿಡಿ: ಪ್ರಸಾರ ಭಾರತಿಗೊಂದು ಬಹಿರಂಗ ಪತ್ರ

ಪ್ರಸಾರ ಭಾರತಿಯ ಅಧ್ಯಕ್ಷರಿಗೆ, ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಆಕಾಶವಾಣಿಯ ಮಹಾನಿರ್ದೇಶಕರಿಗೆ

ಮಾನ್ಯರೇ,

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಧಾರವಾಡ, ಬೆಂಗಳೂರು, ಮೈಸೂರು, ಭದ್ರಾವತಿ, ಕಲಬುರಗಿ, ಮಂಗಳೂರು, ಮಡಿಕೇರಿ ಮೊದಲಾದ ಆಕಾಶವಾಣಿ ಕೇಂದ್ರಗಳ ಧ್ವನಿಭಂಡಾರಗಳಲ್ಲಿ ಏನೇನು ಉಳಿದಿದೆ ಎಂಬುದರ ಪೂರ್ತಿ ಪಟ್ಟಿಯನ್ನು ಜನರ ಮುಂದಿಡಿ. ಪಟ್ಟಿಯಲ್ಲಿರುವುದನ್ನು, ಕೆಟ್ಟುಹೋಗುವ ಮುಂಚೆ, ಡಿಜಿಟಲ್ ರೂಪಕ್ಕೆ ತನ್ನಿ. ತಂದದ್ದಕ್ಕೆ ಮತ್ತೊಂದು ಬೀಗ ಜಡಿಯದೆ, ಕೇಳಬೇಕೆನ್ನುವವರಿಗೆ ಕೇಳಲು ಬಿಡಿ.

ಈ ಕೋರಿಕೆಗೆ ನನ್ನ ಬಳಿ ಇರುವ ಆಧಾರ ನಮ್ಮ ದೇಶದ ರೇಡಿಯೋ ಚರಿತ್ರೆಯೇ. ಭಾರತದ ರೇಡಿಯೋ ಯಾರ ದುಡ್ಡಿನಲ್ಲಿ ನಡೆಯಿತು, ಯಾರ ಹಟಕ್ಕೆ ಉಳಿಯಿತು, ಅದರಲ್ಲಿ ಯಾರ ದನಿಯನ್ನು ಕಾಪಿಟ್ಟರು, ಯಾರದನ್ನು ಅಳಿಸಿದರು ಎಂದು ನೋಡುತ್ತ ಹೋದರೆ, ಧ್ವನಿಭಂಡಾರಗಳ ಆ ಟೇಪ್ ಸುರುಳಿಗಳ ವಾರಸುದಾರರು ಯಾರು ಎಂಬುದು ತಾನಾಗಿ ತಿಳಿಯುತ್ತದೆ. ತಮಗೆ ಗೊತ್ತಿರುವ ಸಂಗತಿಗಳನ್ನೇ ಮತ್ತೆ ಹೇಳುತ್ತಿದ್ದರೆ ಮನ್ನಿಸಬೇಕು. ಇದನ್ನು ಓದುವ ಬಹಳ ಜನರಿಗೆ ಅವು ಗೊತ್ತಿರಲಿಕ್ಕಿಲ್ಲ.

ನಮ್ಮಲ್ಲಿ ರೇಡಿಯೋ ಸರ್ಕಾರದ ಕೂಸಾಗಿ ಹುಟ್ಟಲಿಲ್ಲ. 1923ರ ಜೂನ್‌ನಲ್ಲಿ ಮುಂಬಯಿಯ ರೇಡಿಯೋ ಕ್ಲಬ್ಬು, ಅದೇ ವರ್ಷ ನವೆಂಬರಿನಲ್ಲಿ ಕಲ್ಕತ್ತೆಯ ಕ್ಲಬ್ಬು ಪ್ರಸಾರ ಶುರುಮಾಡಿದವು. ನಡೆಸಿದವರು ಹವ್ಯಾಸಿಗಳು. 1924ರಲ್ಲಿ ಮದರಾಸಿನಲ್ಲಿ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಮುಂದಾಳುತನದಲ್ಲಿ ಅಲ್ಲೂ ಒಂದು ಕ್ಲಬ್ಬು ಹುಟ್ಟಿತು. ಮೂರು ವರ್ಷ ಏಗಿ, ಕೈಯಲ್ಲಿ ಕಾಸಿಲ್ಲದೆ 1927ರಲ್ಲಿ ಅದು ಬಾಗಿಲು ಹಾಕಿತು. ಆದರೆ ಪ್ರಸಾರ ಯಂತ್ರ ಗುಜರಿಗೆ ಹೋಗಲಿಲ್ಲ. ಮದರಾಸು ಕಾರ್ಪೊರೇಷನ್ ಅದನ್ನು ವಹಿಸಿಕೊಂಡು 1930ರಿಂದ ತಾನೇ ಪ್ರಸಾರ ನಡೆಸಿತು. ಬೀದಿ ದೀಪ, ಚರಂಡಿ ನೋಡಿಕೊಳ್ಳುವ ನಗರಸಭೆಯೊಂದು ತನ್ನ ಊರಿಗೆ ಸಂಗೀತ ಕೇಳಿಸುವುದೂ ತನ್ನ ಕೆಲಸ ಅಂದುಕೊಂಡಿತ್ತು. 1938ರಲ್ಲಿ ಆಲ್ ಇಂಡಿಯಾ ರೇಡಿಯೋ ಮದರಾಸಿಗೆ ಬರುವವರೆಗೂ ಆ ನಗರದ ರೇಡಿಯೋ ನಗರದ್ದೇ ಆಗಿತ್ತು.

ಇತ್ತ 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬಯಿ ಕೇಂದ್ರವನ್ನು ವೈಸರಾಯ್ ಲಾರ್ಡ್ ಇರ್ವಿನ್ ಉದ್ಘಾಟಿಸಿದ. ತಿಂಗಳೊಪ್ಪತ್ತಿನಲ್ಲಿ ಕಲ್ಕತ್ತ ಕೇಂದ್ರವೂ ಬಂತು. ಖಾಸಗಿ ಕಂಪನಿ, ಕೇಳುಗರು ವರ್ಷಕ್ಕೆ ಹತ್ತು ರೂಪಾಯಿ ಕಟ್ಟಿ ಪಡೆಯುತ್ತಿದ್ದ ಲೈಸೆನ್ಸಿನ ಹಣವೇ ಅದರ ಮುಖ್ಯ ಆದಾಯ. ರೇಡಿಯೋ ಸೆಟ್ಟಿನ ಬೆಲೆ ಜನಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ, ಪ್ರಸಾರ ಎರಡು ನಗರಗಳ ಸುತ್ತಮುತ್ತಲ ಆಚೆ ತಲುಪುತ್ತಿರಲಿಲ್ಲ. ಮೂರೇ ವರ್ಷಕ್ಕೆ, 1930ರ ಮಾರ್ಚಿನಲ್ಲಿ, ಕಂಪನಿ ದಿವಾಳಿಯೆದ್ದಿತು. ಏಪ್ರಿಲ್ ಒಂದರಿಂದ ಸರ್ಕಾರ ಅದನ್ನು ನಡೆಸಲು ಒಪ್ಪಿಕೊಂಡಿತು.

ಒಪ್ಪಿಕೊಂಡದ್ದೂ ಮನಸ್ಸಿಟ್ಟಲ್ಲ. ಜಗತ್ತಿನ ಆರ್ಥಿಕ ಮುಗ್ಗಟ್ಟಿನ ಕಾಲ. 1931ರಲ್ಲಿ ಬ್ರಿಟಿಷ್ ಸರ್ಕಾರ ರೇಡಿಯೋ ಸೇವೆಯನ್ನು ಮುಚ್ಚಿಬಿಡುವ ತೀರ್ಮಾನ ಮಾಡಿತ್ತು. ಸುದ್ದಿ ಹೊರಬಿದ್ದೊಡನೆ ಕೇಳುಗರು ಎದ್ದುನಿಂತರು, ಸೆಟ್ಟುಗಳ ವ್ಯಾಪಾರಿಗಳು ಅರ್ಜಿ ಹಿಡಿದು ಹೋದರು. ಗದ್ದಲ ಜೋರಾದ ಮೇಲೆ ಸರ್ಕಾರ ಹಿಂದೆ ಸರಿಯಿತು. 1932ರಲ್ಲಿ ಪ್ರಸಾರವನ್ನು ಮುಂದುವರಿಸುವುದಾಗಿ ನಿಶ್ಚಯ ಮಾಡಿತು. ರೇಡಿಯೋ ಚರಿತ್ರೆ ಹೇಳುವವರು ಈ ಘಟನೆಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಇದು ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. 1936ರ ಜೂನ್ 8ರಂದು ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂತು, ಬಿಬಿಸಿಯಿಂದ ಬಂದ ಲಯೊನೆಲ್ ಫೀಲ್ಡೆನ್ ಅದನ್ನು ಕಟ್ಟಿದರು ಎನ್ನುವುದೆಲ್ಲ ನಿಜ. ಆದರೆ ಕಟ್ಟಲಿಕ್ಕೆ ಏನಾದರೂ ಉಳಿದಿದ್ದರೆ ಅದು ನಾಲ್ಕು ವರ್ಷ ಮುಂಚೆ ಕೇಳುಗರು ಮಾಡಿದ ಗಲಾಟೆಯಿಂದ.

ಇನ್ನು ನಮ್ಮ ಮೈಸೂರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಶುರುಮಾಡಿದರು. ಅವರ ಯಂತ್ರದ ಶಕ್ತಿ 30 ವ್ಯಾಟ್. ಇವತ್ತು ಮನೆಮನೆಯಲ್ಲಿ ತಿರುಗುವ ಸಾಮಾನ್ಯ ಸೀಲಿಂಗ್ ಫ್ಯಾನ್ ಎಳೆಯುವ ವಿದ್ಯುತ್ತಿನ ಅರ್ಧವೂ ಅಲ್ಲ. ಅಷ್ಟರಲ್ಲೇ ಸಂಗೀತ, ಕಾವ್ಯವಾಚನ, ಭಾಷಣ, ನಾಟಕ. ಮೊದಲು ಕೈಯಿಂದ ಹಣ ಹಾಕಿದರು. ಆಮೇಲೆ ಊರಿನವರು, ಮೈಸೂರು ಪುರಸಭೆ ಕೈಜೋಡಿಸಿದರು. 1940ರ ದಶಕದ ಮೊದಲ ವರ್ಷಗಳಲ್ಲಿ ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ಎ.ಎನ್. ಮೂರ್ತಿರಾಯರಂಥವರು ಅಲ್ಲಿ ಸಹಾಯಕ ನಿರ್ದೇಶಕರಾಗಿದ್ದರು. ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿ ಎಂದು ಮೈಸೂರಿನಲ್ಲಿ ಹೇಳುವುದು ವಾಡಿಕೆ. 1950ರ ದಶಕದಲ್ಲಿ ಆ ಹೆಸರು ಇಡೀ ದೇಶದ ರೇಡಿಯೋದ ಹೆಸರಾಯಿತು. 2023ರ ಮೇ ತಿಂಗಳಲ್ಲಿ ತಾವು ಆದೇಶ ಹೊರಡಿಸಿ, ಇನ್ನು ಮುಂದೆ ಆಲ್ ಇಂಡಿಯಾ ರೇಡಿಯೋ ಬೇಡ, ಎಲ್ಲೆಡೆ ಆಕಾಶವಾಣಿ ಎಂದೇ ಕರೆಯಬೇಕು ಎಂದಿರಿ. ಮೈಸೂರಿನ ಒಂದು ಮನೆಯಿಂದ ಹೊರಟ ಹೆಸರಿಗೆ ಇಷ್ಟು ಗೌರವ ಕೊಟ್ಟಿದ್ದು ಸಂತೋಷದ ವಿಷಯ. ಆ ಮನೆಯ ಮೈಕಿನ ಮುಂದೆ ಮಾತಾಡಿದವರ, ಹಾಡಿದವರ ಧ್ವನಿಯಲ್ಲಿ ಏನಾದರೂ ಎಲ್ಲಾದರೂ ಉಳಿದಿದೆಯೇ ಎಂದು ಕೂಡ ಈಗ ಹುಡುಕಿಸಿ. ಅದು ನೇರ ಪ್ರಸಾರದ ಕಾಲ. ಮುದ್ರಿಸಿಡುವ ಅನುಕೂಲ ಮನೆಯಲ್ಲಿ ನಡೆಯುವ ಕೇಂದ್ರಕ್ಕೆ ಎಲ್ಲಿಂದ ಬರಬೇಕು? ಬಹುಪಾಲು ಗಾಳಿಗೆ ಹೋಗಿದೆ ಎಂದೇ ಇಟ್ಟುಕೊಳ್ಳೋಣ. ಆದರೂ ಕಾಗದಪತ್ರ, ಬರೆದ ಭಾಷಣ, ಕಾರ್ಯಕ್ರಮದ ಪಟ್ಟಿ, ಯಾವುದೋ ಮನೆಯ ಅಟ್ಟದಲ್ಲಿ ಧ್ವನಿ ಮುದ್ರಿಸಿದ ಒಂದು ತಟ್ಟೆ ಸಿಕ್ಕರೂ ಸಿಕ್ಕೀತು. 2035ಕ್ಕೆ ಆ ಪ್ರಸಾರಕ್ಕೆ ನೂರು ವರ್ಷ ತುಂಬುತ್ತದೆ.

ಧ್ವನಿ ಹೇಗೆ ಉಳಿಯುತ್ತದೆ, ಯಾರು ಉಳಿಸುತ್ತಾರೆ ಎನ್ನುವುದಕ್ಕೆ 1942ರ ಒಂದು ಉದಾಹರಣೆ ನನ್ನನ್ನು ಬಹಳ ಕಾಡಿದೆ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ನಾಯಕರೆಲ್ಲ ಜೈಲು ಸೇರಿದ್ದಾಗ, ಮುಂಬಯಿಯಲ್ಲಿ ಇಪ್ಪತ್ತೆರಡರ ಹರೆಯದ ಉಷಾ ಮೆಹ್ತಾ ಮತ್ತು ಗೆಳೆಯರು ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಆಗಸ್ಟ್ ಕೊನೆಯಿಂದ ನವೆಂಬರ್ 12ರವರೆಗೆ, ಪೊಲೀಸರ ಕಣ್ಣು ತಪ್ಪಿಸಲು ಜಾಗ ಬದಲಾಯಿಸುತ್ತ, 42.34 ಮೀಟರ್ ತರಂಗಾಂತರದಲ್ಲಿ ಅದರ ದನಿ ಕೇಳುತ್ತಿತ್ತು. ಪತ್ರಿಕೆಗಳು ಅಚ್ಚು ಹಾಕಲಾಗದ ಸುದ್ದಿ ಅಲ್ಲಿ ಬರುತ್ತಿತ್ತು. ನವೆಂಬರ್ 12ರ ರಾತ್ರಿ ಪ್ರಸಾರ ನಡೆಯುತ್ತಿರುವಾಗಲೇ ಪೊಲೀಸರು ನುಗ್ಗಿದರು. ಉಷಾ ಅವರಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಇವತ್ತು ಆ ರೇಡಿಯೋದಲ್ಲಿ ಏನು ಹೇಳಿದರು ಎಂದು ನಾವು ಓದಬಹುದಾಗಿದ್ದರೆ, ಅದಕ್ಕೆ ಮುಖ್ಯ ಕಾರಣ ಅದನ್ನು ಹಿಡಿಯಲು ಹೊಂಚುಹಾಕಿ ಕಿವಿಗೊಟ್ಟು ಕುಳಿತಿದ್ದ ಸರ್ಕಾರಿ ಸಿಬ್ಬಂದಿ ಸಾಲು ಸಾಲಾಗಿ ಬರೆದಿಟ್ಟುಕೊಂಡ ದಾಖಲೆ. ಹಿಡಿದು ಜೈಲಿಗೆ ಹಾಕಬೇಕೆಂದವರು ಕೂಡ ಅಷ್ಟು ಜೋಪಾನವಾಗಿ ಬರೆದಿಟ್ಟರು. ಪ್ರೀತಿಯಿಂದ ಕೇಳಿದ ನಾವು, ಪ್ರಸಾರ ಮಾಡಿದ ತಾವು, ಅದಕ್ಕಿಂತ ಕಡಿಮೆ ಮಾಡಬಹುದೇ?

ಐದು ವರ್ಷ ಕಳೆದು ಅದೇ ನವೆಂಬರ್ 12ರಂದು, 1947ರಲ್ಲಿ, ಗಾಂಧೀಜಿ ದೆಹಲಿಯ ಬ್ರಾಡ್‌ಕಾಸ್ಟಿಂಗ್ ಹೌಸಿಗೆ ಬಂದರು. ಅವರು ಆಕಾಶವಾಣಿಗೆ ಕಾಲಿಟ್ಟದ್ದು ಅದೊಂದೇ ಸಲ. ಕುರುಕ್ಷೇತ್ರದ ಶಿಬಿರದಲ್ಲಿದ್ದ ನಿರಾಶ್ರಿತರನ್ನು ಉದ್ದೇಶಿಸಿ ಮಾತಾಡಿದರು. ಆ ದನಿ ಉಳಿದಿದೆ. ಆಗಸ್ಟ್ 14ರ ನಡುರಾತ್ರಿಯ ನೆಹರೂ ಭಾಷಣ ಉಳಿದಿದೆ. 1948ರ ಜನವರಿ 30ರ ಸಂಜೆ ದುಃಖದಲ್ಲಿ ತಡವರಿಸುತ್ತ ಆಡಿದ ಅವರ ಮಾತು ಉಳಿದಿದೆ. ದೆಹಲಿಯ ಕೇಂದ್ರ ಸಂಗ್ರಹಾಲಯ ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿದೆ. ಇದಕ್ಕಾಗಿ ನಾವು ಋಣಿಗಳು. ದೊಡ್ಡವರ ದನಿ ಕಾಯುವ ಪದ್ಧತಿ ಇದೆ. ಜಿಲ್ಲೆಯ ದನಿ ಕಾಯುವುದಕ್ಕೆ ಅಷ್ಟೇ ಬಿಗಿಯಾದ ಪದ್ಧತಿ ಬೇಕು ಎನ್ನುವುದಕ್ಕೇ ಈ ಪತ್ರ.

ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಉಳಿದದ್ದು ಆರು ಕೇಂದ್ರ: ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ತಿರುಚಿರಾಪಳ್ಳಿ, ಲಖನೌ. ಲಾಹೋರ್, ಪೇಶಾವರ, ಢಾಕಾ ಆಚೆಗೆ ಹೋದವು. ಪ್ರಸಾರ ತಲುಪುತ್ತಿದ್ದುದು ನೆಲದ ನೂರಕ್ಕೆ ಎರಡೂವರೆ ಪಾಲಿಗೆ, ಜನರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ. ಮೈಸೂರು, ಹೈದರಾಬಾದು, ತಿರುವಾಂಕೂರಿನಂಥ ಸಂಸ್ಥಾನಗಳ ಕೇಂದ್ರಗಳು ಆಮೇಲೆ ಸೇರಿಕೊಂಡವು. ಕನ್ನಡ ನಾಡಿಗೆ ಆಲ್ ಇಂಡಿಯಾ ರೇಡಿಯೋದ ಮೊದಲ ಕೇಂದ್ರವಾಗಿ ಬಂದದ್ದು ಧಾರವಾಡ, 1950ರ ಜನವರಿ 8ರಂದು. ಕರ್ನಾಟಕ ಒಂದಾಗುವುದಕ್ಕೆ ಇನ್ನೂ ಆರು ವರ್ಷವಿತ್ತು. ಮುಂಬಯಿ ಪ್ರಾಂತದ ಕನ್ನಡಿಗರು, ಹೈದರಾಬಾದಿನ ಕನ್ನಡಿಗರು, ಮೈಸೂರಿನವರು ಬೇರೆ ಬೇರೆ ಸರ್ಕಾರಗಳ ಕೆಳಗಿದ್ದರೂ ಒಂದೇ ಅಲೆಯಲ್ಲಿ ಒಬ್ಬರ ಕನ್ನಡವನ್ನು ಇನ್ನೊಬ್ಬರು ಕೇಳಿಸಿಕೊಂಡರು. ಏಕೀಕರಣದ ಚರಿತ್ರೆ ಬರೆಯುವವರು ಸಭೆಗಳನ್ನು, ವರದಿಗಳನ್ನು, ಉಪವಾಸಗಳನ್ನು ಎಣಿಸುತ್ತಾರೆ. ಧಾರವಾಡ ಆಕಾಶವಾಣಿಯನ್ನೂ ಎಣಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದ.ರಾ. ಬೇಂದ್ರೆ ಆ ಕೇಂದ್ರದ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು. ಇಂಥವರು ದಿನಬೆಳಗಾದರೆ ಓಡಾಡುತ್ತಿದ್ದ ಕಟ್ಟಡದ ಟೇಪುಗಳು ಎಂದರೆ ಅವು ಕಚೇರಿಯ ಸರಂಜಾಮಲ್ಲ.

ಮೈಸೂರಿನ ಕೇಂದ್ರವನ್ನು 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಸಾಗಿಸಿದರು. ಹೆಸರು ಕೊಟ್ಟ ಊರು 1974ರವರೆಗೆ ಕೇಂದ್ರವಿಲ್ಲದೆ ಕೂತಿತು. ಭದ್ರಾವತಿಗೆ 1965ರಲ್ಲಿ, ಕಲಬುರಗಿಗೆ 1966ರಲ್ಲಿ, ಮಂಗಳೂರಿಗೆ 1976ರಲ್ಲಿ ಕೇಂದ್ರ ಬಂತು. ಮಂಗಳೂರು ಬಂದ ಮೇಲೆ ತುಳು, ಕೊಂಕಣಿ ನುಡಿಗಳಿಗೂ ಯಕ್ಷಗಾನ ತಾಳಮದ್ದಳೆಗಳಿಗೂ ಮೈಕು ಸಿಕ್ಕಿತು.

ಇಷ್ಟೆಲ್ಲಕ್ಕೂ ದುಡ್ಡು ಕೊಟ್ಟವರು ಯಾರು? ಆ ಲೈಸೆನ್ಸ್ ಪುಸ್ತಕವನ್ನು ನೋಡಿದವರಿಗೆ ಉತ್ತರ ಗೊತ್ತು. ಪೋಸ್ಟಾಫೀಸಿನಲ್ಲಿ ಕೊಡುತ್ತಿದ್ದ ಅಂಗೈಯಗಲದ ಪುಸ್ತಕ. ಒಳಗೆ ಮನೆಯ ಯಜಮಾನನ ಹೆಸರು, ವಿಳಾಸ, ರೇಡಿಯೋದ ಕಂಪನಿ, ಮಾಡೆಲ್ಲು. ವರ್ಷಕ್ಕೊಂದು ಸಲ ಹದಿನೈದು ರೂಪಾಯಿ ಕಟ್ಟಿ, ಅದರಲ್ಲಿ ಲೈಸೆನ್ಸ್ ಚೀಟಿ ಅಂಟಿಸಿಕೊಂಡು, ಮೇಲೆ ಅಂಚೆಯ ಮುದ್ರೆ ಹಾಕಿಸಿಕೊಂಡು ಬರಬೇಕು. ತಡವಾದರೆ ದಂಡ. ಕಾಲುಸಂಬಳದ ಗುಮಾಸ್ತ, ಕೈಮಗ್ಗದ ನೇಕಾರ, ಹಳ್ಳಿಯ ಶಾಲೆಯ ಮೇಷ್ಟ್ರು ಆ ಹದಿನೈದನ್ನು ಕೂಡಿಸಿ ಕಟ್ಟಿದರು. 1980ರ ದಶಕದಲ್ಲಿ ಲೈಸೆನ್ಸ್ ಹೋಗುವ ತನಕ ದಶಕಗಳ ಕಾಲ ಕಟ್ಟಿದರು. ಇವತ್ತಿಗೂ ಎಷ್ಟೋ ಮನೆಗಳ ಟ್ರಂಕಿನಲ್ಲಿ, ಪಹಣಿ ಪತ್ರ, ಜಾತಕಗಳ ಜೊತೆಯಲ್ಲಿ ಆ ಪುಸ್ತಕ ಇದೆ. ಅದನ್ನು ನಾನು ರಸೀದಿ ಎಂದು ಓದುತ್ತೇನೆ. ಧ್ವನಿಭಂಡಾರದಲ್ಲಿ ಇರುವುದಕ್ಕೆ ಬೆಲೆ ತೆತ್ತಾಗಿದೆ.

ಏನು ಉಳಿಯಿತು, ಏನು ಹೋಯಿತು ಎಂಬುದರ ಹಿಂದೆ ಒಂದು ರುಚಿಯ ರಾಜಕಾರಣವೂ ಇದೆ. 1940ರಲ್ಲಿ ಹಾರ್ಮೋನಿಯಂಗೆ ಆಲ್ ಇಂಡಿಯಾ ರೇಡಿಯೋದಲ್ಲಿ ನಿಷೇಧ ಬಿತ್ತು. ಅದು ಸಡಿಲವಾಗಲು ಮೂರು ದಶಕ ಹಿಡಿಯಿತು. 1952ರಿಂದ ಹತ್ತು ವರ್ಷ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಸಿನಿಮಾ ಹಾಡನ್ನು ಹೊರಗಿಟ್ಟರು. ಕೇಳುಗರು ಮುಳ್ಳು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು, ಅಮೀನ್ ಸಯಾನಿಯ ದನಿಗೆ ಮನಸೋತರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುಮಾಡಿ ಅವರನ್ನು ವಾಪಸು ಕರೆತರಬೇಕಾಯಿತು. ಕೇಸ್ಕರರನ್ನು ಬೈಯುವುದು ಸುಲಭ. ಆದರೆ ಅವರ ಕಾಲದಲ್ಲೇ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಬಂತು, ಸಂಗೀತ ಸಮ್ಮೇಳನಗಳು ಬಂದವು, ರಾಜರ ಆಶ್ರಯ ಕಳೆದುಕೊಂಡಿದ್ದ ನೂರಾರು ವಿದ್ವಾಂಸರಿಗೆ ಆಕಾಶವಾಣಿ ಅನ್ನ ಕೊಟ್ಟಿತು. ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣಗಳು ಇಂದು ಅಷ್ಟಾದರೂ ಉಳಿದಿದ್ದರೆ ಆ ಹಟಕ್ಕೂ ಅದರಲ್ಲಿ ಪಾಲಿದೆ. ಬೆಂಗಳೂರಿನಿಂದ 2016ರಲ್ಲಿ ಶುರುವಾದ ‘ರಾಗಂ’ ವಾಹಿನಿಯಲ್ಲಿ ಹಳೆಯ ಕಛೇರಿಗಳನ್ನು ಕೇಳುವಾಗ ನಾನು ಇದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಶಾಸ್ತ್ರೀಯಕ್ಕೆ ಸಿಕ್ಕ ಈ ಮರ್ಯಾದೆ ಬೇರೆಯದಕ್ಕೆ ಸಿಗಲಿಲ್ಲ. ಬೆಳಗಿನ ಚಿಂತನ, ಮಧ್ಯಾಹ್ನದ ವನಿತಾ ವಿಹಾರ, ಭಾನುವಾರದ ಮಕ್ಕಳ ಕಾರ್ಯಕ್ರಮ, ಸಂಜೆಯ ಕೃಷಿರಂಗ, ರಾತ್ರಿಯ ನಾಟಕ: ಜನ ದಿನಚರಿ ಹೊಂದಿಸಿಕೊಂಡು ಕೇಳಿದ್ದು ಇವನ್ನು. 1956ರಲ್ಲಿ ಪುಣೆಯ ಸುತ್ತಲ ಹಳ್ಳಿಗಳಲ್ಲಿ ರೈತರನ್ನು ಗುಂಪು ಕೂಡಿಸಿ, ಕೇಳಿಸಿ, ಚರ್ಚೆಮಾಡಿಸಿ, ಅವರ ಪ್ರಶ್ನೆಯನ್ನು ಮತ್ತೆ ರೇಡಿಯೋಕ್ಕೆ ತಂದ ಗ್ರಾಮೀಣ ರೇಡಿಯೋ ಕೂಟಗಳ ಪ್ರಯೋಗ ನಡೆಯಿತು. 1966ರಿಂದ ಕೇಂದ್ರಗಳಲ್ಲಿ ಕೃಷಿ ವಿಭಾಗಗಳೇ ಬಂದವು. ತಂಜಾವೂರಿನ ರೈತರು ರೇಡಿಯೋ ಕೇಳಿ ಬೆಳೆದ ಹೊಸ ತಳಿಯ ಭತ್ತವನ್ನು ‘ರೇಡಿಯೋ ಭತ್ತ’ ಎಂದೇ ಕರೆದರು. ನಮ್ಮ ಬೆಂಗಳೂರು ಕೇಂದ್ರದಲ್ಲಿ ಎ.ಎಸ್. ಮೂರ್ತಿಯವರು ‘ಈರಣ್ಣ’ನಾಗಿ ಆಡಿದ ಮಾತು ಹಳ್ಳಿಹಳ್ಳಿಗೆ ಎಷ್ಟು ಹತ್ತಿರವಾಯಿತೆಂದರೆ, ಅವರು ಕೊನೆಯವರೆಗೂ ಜನರ ಬಾಯಲ್ಲಿ ಆಕಾಶವಾಣಿ ಈರಣ್ಣನೇ. ದೊರೆಸ್ವಾಮಿ ಅಯ್ಯಂಗಾರರು ವೀಣೆಯ ಜೊತೆಗೆ ಸುಗಮ ಸಂಗೀತಕ್ಕೂ ರೇಡಿಯೋ ರೂಪಕಗಳಿಗೂ ಸ್ವರ ಕೂಡಿಸಿದರು. ನಿಲಯದ ಕಲಾವಿದರಾದ ಎಚ್.ಕೆ. ನಾರಾಯಣ ಹಾಡಿದ ಭಾವಗೀತೆಗಳನ್ನು ಕೇಳಿ ಒಂದು ತಲೆಮಾರು ಕವಿತೆ ಕಲಿಯಿತು, ಶಾಲೆಯ ಪುಸ್ತಕದಿಂದಲ್ಲ.

ಈರಣ್ಣನ ಮಾತುಗಳಲ್ಲಿ ಎಷ್ಟು ಗಂಟೆ ಉಳಿದಿದೆ? ಆ ಕಾರ್ಯಕ್ರಮಗಳಲ್ಲಿ ಮಾತಾಡಿದ ರೈತರದು? ಸೋಬಾನೆ ಹೇಳಿದ, ಬೀಸುವ ಪದ ಹಾಡಿದ, ಹೆಸರನ್ನೂ ಸರಿಯಾಗಿ ಬರೆದುಕೊಳ್ಳದ ಹೆಂಗಸರದು? ಐವತ್ತು ವರ್ಷದ ಹಿಂದೆ ಬೀದರಿನ ಕನ್ನಡ, ಕುಂದಾಪುರದ ಕನ್ನಡ, ಕೊಳ್ಳೇಗಾಲದ ಕನ್ನಡ ಹೇಗೆ ಕೇಳುತ್ತಿತ್ತು ಎನ್ನುವುದಕ್ಕೆ ಪುಸ್ತಕದಲ್ಲಿ ಸಾಕ್ಷಿ ಸಿಗುವುದಿಲ್ಲ. ಸಿಕ್ಕರೆ ತಮ್ಮ ಟೇಪುಗಳಲ್ಲೇ ಸಿಗಬೇಕು.

ಟೇಪಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಕಾಲ ಓಡುತ್ತಿದೆ. ಕಾಲಂಗುಲ ಅಗಲದ ಕಂದು ಪಟ್ಟಿ. ಪ್ಲಾಸ್ಟಿಕ್ಕಿನ ಹಾಳೆಯ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಬ್ಬಿಣದ ಆಕ್ಸೈಡಿನ ಪುಡಿ. ಸೆಕೆಂಡಿಗೆ ಏಳೂವರೆ ಅಂಗುಲ ವೇಗದಲ್ಲಿ ಓಡಿದರೆ 1,200 ಅಡಿಯ ಒಂದು ಸುರುಳಿಗೆ ಸುಮಾರು ಅರ್ಧ ಗಂಟೆ. ಡಬ್ಬಿಯೊಳಗೆ ಒಂದು ಚೀಟಿ: ಕಾರ್ಯಕ್ರಮದ ಹೆಸರು, ಭಾಗವಹಿಸಿದವರು, ಮುದ್ರಣದ ದಿನ, ಅವಧಿ, ಮೊದಲ ಮಾತು, ಕೊನೆಯ ಮಾತು. ಟೇಪು ದುಬಾರಿಯಾಗಿದ್ದ ಆ ದಿನಗಳಲ್ಲಿ, ಪ್ರಸಾರವಾದದ್ದನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸುವುದು ಕೇಂದ್ರಗಳ ನಿತ್ಯದ ಕ್ರಮ. ‘ಉಳಿಸಿ’ ಎಂದು ಯಾರಾದರೂ ಬರೆದಿಟ್ಟದ್ದು ಮಾತ್ರ ಉಳಿಯಿತು. ಅಂದರೆ ಇವತ್ತು ಕಪಾಟಿನಲ್ಲಿ ಇರುವ ಪ್ರತಿಯೊಂದು ಸುರುಳಿಯ ಹಿಂದೆಯೂ, ಇದನ್ನು ಅಳಿಸಬಾರದು ಎಂದ ಒಬ್ಬ ಅಧಿಕಾರಿ, ಒಬ್ಬ ಟೇಪ್ ಲೈಬ್ರರಿಯ ನೌಕರ ಇದ್ದಾರೆ. ಅವರ ತೀರ್ಮಾನಕ್ಕೆ ನಾವು ಕೊಡಬೇಕಾದ ಮರ್ಯಾದೆ ದೊಡ್ಡದು.

ಉಳಿಸಿದ್ದೂ ಸುಮ್ಮನೆ ಉಳಿಯುವುದಿಲ್ಲ. ಹಳೆಯ ಅಸಿಟೇಟ್ ಟೇಪು ಸೆಕೆಗೆ, ತೇವಕ್ಕೆ ವಿನೆಗರಿನ ವಾಸನೆ ಬಿಡುತ್ತ ಮುರುಟಿ, ಮುಟ್ಟಿದರೆ ಮುರಿಯುತ್ತದೆ. ಆಮೇಲಿನ ಕಾಲದ ಕೆಲವು ಪಾಲಿಯೆಸ್ಟರ್ ಟೇಪುಗಳಲ್ಲಿ ಅಂಟು ತೇವ ಹೀರಿ ಜಿಗುಟಾಗುತ್ತದೆ; ಯಂತ್ರಕ್ಕೆ ಹಾಕಿದರೆ ಕಂದು ಪುಡಿ ಉದುರಿ, ಟೇಪನ್ನು ಓದುವ ಯಂತ್ರದ ‘ಹೆಡ್’ಗೆ ಮೆತ್ತಿಕೊಳ್ಳುತ್ತದೆ. ಆ ಪುಡಿಯೇ ಧ್ವನಿ. ಉದುರಿದ ಮೇಲೆ ಯಾವ ಜಾಣತನದಿಂದಲೂ ಅದನ್ನು ವಾಪಸು ತರಲಾಗದು. ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಂದೆರಡು ಸಲ ಓಡಿಸಿಕೊಳ್ಳುವ ಉಪಾಯವಿದೆ, ಆದರೆ ಅದು ಬಲ್ಲವರ ಕೈಯಲ್ಲಿ ಆಗುವ ಕೆಲಸ. ಸುರುಳಿ ಓಡಿಸುವ ಯಂತ್ರಗಳನ್ನು ಈಗ ಯಾರೂ ತಯಾರಿಸುವುದಿಲ್ಲವೆಂದೇ ಹೇಳಬೇಕು. ರಿಪೇರಿ ಬಲ್ಲವರು ನಿವೃತ್ತರಾಗಿದ್ದಾರೆ. ಮಂಗಳೂರಿನ ಮಳೆಗಾಲ, ಕಲಬುರಗಿಯ ಬೇಸಿಗೆ ಎರಡೂ ಟೇಪಿನ ಶತ್ರುಗಳು. ತಂಪು, ಒಣ ಕೋಣೆಯಲ್ಲಿಡುವುದು ತಾತ್ಕಾಲಿಕ ರಕ್ಷಣೆ, ಅಷ್ಟೆ.

ತಾವು ಹಕ್ಕಿನ ಪ್ರಶ್ನೆ ಎತ್ತಬಹುದು, ಎತ್ತಬೇಕಾದ್ದೇ. ನಮ್ಮ ಕೃತಿಸ್ವಾಮ್ಯ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕಿಗೆ 60 ವರ್ಷ, ಕಲಾವಿದರ ಪ್ರದರ್ಶನದ ಹಕ್ಕಿಗೆ 50 ವರ್ಷ, ಪ್ರಸಾರದ ಹಕ್ಕಿಗೆ 25 ವರ್ಷ. ಆ ಲೆಕ್ಕದಲ್ಲಿ 1964ಕ್ಕೆ ಮುಂಚೆ ಪ್ರಸಾರವಾದ ಮುದ್ರಣಗಳ ಮೇಲೆ ಈ ಮೂರೂ ಹಕ್ಕುಗಳು ಮುಗಿದಿವೆ. ಮಾತಿನ, ಕವಿತೆಯ, ನಾಟಕದ ಮೂಲ ಲೇಖಕನ ಹಕ್ಕು ಅವನ ಮರಣದ ನಂತರ 60 ವರ್ಷ ಇರುತ್ತದೆ. ಬೇಂದ್ರೆಯವರದು, ಕುವೆಂಪು ಅವರದು ಇನ್ನೂ ನಡೆಯುತ್ತಿದೆ. ಅಲ್ಲಿ ಕುಟುಂಬದವರನ್ನು ಕೇಳಿ, ಗೌರವಧನ ಕೊಡಿ. ಕಲಾವಿದರಿಗೆ ನ್ಯಾಯವಾಗಿ ಸಲ್ಲಬೇಕಾದ್ದು ಸಲ್ಲಲಿ. ಆದರೆ ಪಟ್ಟಿ ಪ್ರಕಟಿಸಲು ಯಾರ ಹಕ್ಕೂ ಅಡ್ಡ ಬರುವುದಿಲ್ಲ. ಹಾಳಾಗದಂತೆ ಕಾಪಾಡಲೂ ಅಡ್ಡ ಬರುವುದಿಲ್ಲ. ಗ್ರಂಥಾಲಯದಲ್ಲಿ, ವಿಶ್ವವಿದ್ಯಾಲಯದಲ್ಲಿ ಕೂತು ಕೇಳುವ ವ್ಯವಸ್ಥೆ ಮಾಡಲು ಒಂದು ಒಪ್ಪಂದ ಸಾಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ ಮುಂದೆ ಬರಬೇಕು. ಈ ಪತ್ರ ಅವರಿಗೂ ಸೇರಿದ್ದು.

ಅಹಿತವಾದ ದನಿಯನ್ನೂ ತೆರೆಯಬೇಕು. 1975ರ ಜೂನ್ 26ರ ಬೆಳಿಗ್ಗೆ ತುರ್ತುಪರಿಸ್ಥಿತಿಯ ಸುದ್ದಿಯನ್ನು ಇಂದಿರಾ ಗಾಂಧಿ ದೇಶಕ್ಕೆ ಹೇಳಿದ್ದು ಆಕಾಶವಾಣಿಯಿಂದ. ಆಮೇಲಿನ 21 ತಿಂಗಳು ಸುದ್ದಿಯಲ್ಲಿ ಏನು ಬಂತು, ಏನು ಬರಲಿಲ್ಲ ಎಂಬುದು ಇವತ್ತಿನ ಪತ್ರಿಕೋದ್ಯಮದ ವಿದ್ಯಾರ್ಥಿಗೆ ಪಾಠವಾಗಬೇಕು. ಕನ್ನಡ ವಾರ್ತೆಗಳ ಲಿಖಿತ ಪ್ರತಿಗಳು ಎಲ್ಲಿವೆಯೋ ಹುಡುಕಿ, ಅವನ್ನೂ ಸೇರಿಸಿ. ಆ ಅನುಭವದಿಂದಲೇ ಬಿ.ಜಿ. ವರ್ಗೀಸ್ ಸಮಿತಿ 1978ರಲ್ಲಿ ಸ್ವಾಯತ್ತ ಸಂಸ್ಥೆ ಬೇಕೆಂದಿತು, 1990ರಲ್ಲಿ ಕಾಯ್ದೆಯಾಯಿತು, 1997ರಲ್ಲಿ ಜಾರಿಗೆ ಬಂದು ತಮ್ಮ ಸಂಸ್ಥೆ ಹುಟ್ಟಿತು. ನಡುವೆ 1995ರಲ್ಲಿ ಸುಪ್ರೀಂ ಕೋರ್ಟು, ಬಾನಲೆಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ಕೊಟ್ಟಿತ್ತು. ಅಲೆ ಸಾರ್ವಜನಿಕರದ್ದಾದರೆ, ಸಾರ್ವಜನಿಕರ ಹಣದಲ್ಲಿ ಆ ಅಲೆಯ ಮೇಲೆ ಹೋದ ದನಿ ಮತ್ತೆ ಯಾರದು?

ತೀರ್ಪು ಬಂದ ಮೇಲೂ ಬಹಳ ಕಾಲ ಅದು ಕಾಗದದಲ್ಲೇ ಇತ್ತು ಎನ್ನುವುದಕ್ಕೆ ಕೋಲಾರ ಜಿಲ್ಲೆಯ ಬೂದಿಕೋಟೆ ಸಾಕ್ಷಿ. ಅಲ್ಲಿಯ ಹೆಂಗಸರು, ಹುಡುಗರು ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೋ ಕಟ್ಟಿಕೊಂಡಾಗ ಪ್ರಸಾರಕ್ಕೆ ಪರವಾನಗಿ ಸಿಗುವಂತಿರಲಿಲ್ಲ. ಕಾರ್ಯಕ್ರಮವನ್ನು ಧ್ವನಿವರ್ಧಕದಲ್ಲಿ, ಕೇಬಲ್ಲಿನಲ್ಲಿ ಕೇಳಿಸಿದರು. ಬೆಂಗಳೂರಿಗೆ ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲೇ ಬಂದಿತ್ತು. ಸಂಘಸಂಸ್ಥೆಗಳಿಗೆ ಸಮುದಾಯ ರೇಡಿಯೋ ಅನುಮತಿ ಸಿಗಲು 2006ರವರೆಗೆ ಕಾಯಬೇಕಾಯಿತು. ಇಂಥ ಸಣ್ಣ ಕೇಂದ್ರಗಳ ಮುದ್ರಣಗಳಿಗೂ ತಮ್ಮ ಸಂಗ್ರಹದಲ್ಲಿ ಒಂದು ಜಾಗ ಮಾಡಿಕೊಡಿ. ಅವರಿಗೆ ಸ್ವಂತ ತಂಪು ಕೋಣೆ ಕಟ್ಟುವ ಶಕ್ತಿಯಿಲ್ಲ.

ಓದುತ್ತಿರುವ ಕೇಳುಗರಿಗೂ ಒಂದು ಮಾತು. 1980ರ ಆಚೀಚೆ ರೇಡಿಯೋ, ಕ್ಯಾಸೆಟ್ ರೆಕಾರ್ಡರ್ ಎರಡೂ ಒಂದರಲ್ಲೇ ಇದ್ದ ಟೂ-ಇನ್-ಒನ್ ಕೊಂಡವರು ನಾಟಕ, ಯಕ್ಷಗಾನ, ಭಾವಗೀತೆ ಬಂದಾಗ ಕೆಂಪು ಗುಂಡಿ ಒತ್ತಿ ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದೀರಿ. ಕೇಂದ್ರದಲ್ಲಿ ಅಳಿಸಿಹೋದದ್ದು ನಿಮ್ಮ ಮನೆಯಲ್ಲಿ ಇರಬಹುದು. ಹಿನ್ನೆಲೆಯಲ್ಲಿ ಕುಕ್ಕರಿನ ಸಿಳ್ಳೆ, ಮಗುವಿನ ಅಳು ಸೇರಿದ್ದರೂ ಚಿಂತೆಯಿಲ್ಲ. ಎಸೆಯಬೇಡಿ. ಕ್ಯಾಸೆಟ್ಟಿನ ಮೇಲೆ ಏನು, ಯಾವ ವರ್ಷ ಎಂದು ನೆನಪಿದ್ದಷ್ಟು ಬರೆದಿಡಿ. ಇಂಥವನ್ನು ಪಡೆದುಕೊಂಡು, ನಕಲು ಮಾಡಿ, ಮರಳಿಸುವ ಒಂದು ಕಿಟಕಿಯನ್ನು ಪ್ರತಿ ಕೇಂದ್ರದಲ್ಲೂ ತೆರೆಯಿರಿ ಎಂದು ಪ್ರಸಾರ ಭಾರತಿಯನ್ನು ಕೇಳಿಕೊಳ್ಳುತ್ತೇನೆ.

ತಾವು ಮಾಡುತ್ತಿರುವ ಕೆಲಸ ನನಗೆ ಕಾಣದೆ ಇಲ್ಲ. ಸಂಗ್ರಹದಿಂದ ಸಿ.ಡಿ.ಗಳು ಬಂದಿವೆ, ಯೂಟ್ಯೂಬಿನಲ್ಲಿ ಕೆಲವು ಮುದ್ರಣಗಳು ಸಿಗುತ್ತವೆ, ಮೊಬೈಲಿನಲ್ಲಿ ಎಲ್ಲ ಕೇಂದ್ರಗಳನ್ನು ಕೇಳುವ ಅನುಕೂಲವಾಗಿದೆ. ಆದರೆ ಆರಿಸಿ ತೆಗೆದ ಕೆಲವು ರತ್ನಗಳನ್ನು ತೋರಿಸುವುದು ಬೇರೆ, ಭಂಡಾರದಲ್ಲಿ ಏನಿದೆ ಎಂದು ತಿಳಿಸುವುದು ಬೇರೆ. ಏನಿದೆಯೆಂದೇ ಗೊತ್ತಿಲ್ಲದಾಗ, ಏನು ಕಳೆದುಹೋಯಿತೆಂದು ಕೇಳುವ ಬಾಯಿಯೂ ಇರುವುದಿಲ್ಲ.

2027ರ ಜುಲೈ 23ಕ್ಕೆ ಮುಂಬಯಿ ಕೇಂದ್ರದ ಉದ್ಘಾಟನೆಗೆ ನೂರು ವರ್ಷ. ಆ ದಿನವನ್ನು ತಾವು ಪ್ರಸಾರ ದಿನವಾಗಿ ಆಚರಿಸುತ್ತೀರಿ. ಶತಮಾನೋತ್ಸವಕ್ಕೆ ಸಮಾರಂಭ, ಸ್ಮರಣ ಸಂಚಿಕೆ ಎಲ್ಲ ಆಗಲಿ. ಅದರ ಜೊತೆಗೆ ಧಾರವಾಡ ಕೇಂದ್ರ ಒಂದರಿಂದಲೇ ಆದರೂ ಶುರುಮಾಡಿ, ಪಟ್ಟಿಯನ್ನು ಅಂತರಜಾಲದಲ್ಲಿ ಹಾಕಿ. ಚೀಟಿ ಕಳೆದುಹೋದ ಡಬ್ಬಿಗಳು ಎಷ್ಟೋ ಇರುತ್ತವೆ. ಅವುಗಳಲ್ಲಿ ಮಾತಾಡುತ್ತಿರುವುದು ಯಾರು, ಆ ಮೃದಂಗ ಯಾರದು, ಆ ನಾಟಕದಲ್ಲಿ ಅಜ್ಜಿಯ ಪಾತ್ರ ಮಾಡಿದವರು ಯಾರು ಎಂದು ಕಿವಿಯಿಂದಲೇ ಗುರುತಿಸಬಲ್ಲ ನಿವೃತ್ತ ಉದ್ಘೋಷಕರು, ಎಂಜಿನಿಯರುಗಳು, ನಿಲಯದ ಕಲಾವಿದರು ನಮ್ಮ ನಡುವೆ ಇನ್ನೂ ಇದ್ದಾರೆ. ಎಂಬತ್ತು ದಾಟಿದವರು ಹಲವರು. ಪಿಂಚಣಿ ಕಾಗದದಲ್ಲಿ ಅವರ ವಿಳಾಸ ತಮ್ಮ ಹತ್ತಿರವೇ ಇದೆ. ಮನೆಗೆ ಕಾರು ಕಳಿಸಿ ಕರೆಸಿ, ಹೆಡ್‌ಫೋನ್ ಕೊಟ್ಟು ಕೂರಿಸಿ, ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬರನ್ನು ನೇಮಿಸಿ. ಈ ಕೆಲಸವನ್ನು ಈ ವರ್ಷವೇ ಮಾಡಿ.

ಇತಿ,
ಆಕಾಶವಾಣಿಯ ಒಬ್ಬ ಕೇಳುಗ